ಮೆನು ಕಾರ್ಡ್ ಕೊಡದ ಹೋಟೆಲ್ಲು: ಆರಿಸುವುದು ಹೇಗೆ?

ದಾವಣಗೆರೆಯ ಯಾವ ಓಣಿಗೆ ಹೋದರೂ ಮಕ್ಕಳನ್ನು ಬೆಂಗಳೂರಿನ ಕೆಲಸಕ್ಕೆ ಕಳಿಸಿದ ನಾಲ್ಕು ಮನೆಯಾದರೂ ಸಿಗುತ್ತವೆ. ಅಂಥ ಮಗನೋ ಮಗಳೋ ಒಂದಿನ ಫೋನ್ ಮಾಡಿ, "ಅಪ್ಪಾಜಿ, ಈ ಸಲ ನಿಮ್ಮ ಮದುವೆ ಆನಿವರ್ಸರಿಗೆ ಟೇಸ್ಟಿಂಗ್ ಮೆನು ಇರೋ ಕಡೆ ಹೋಗೋಣ, ತಲೆಗೆ ಐದು ಸಾವಿರ ಆಗುತ್ತೆ" ಅಂದರೆ ಈ ಕಡೆಯಿಂದ ಬರುವ ಮೊದಲ ಮಾತು, "ರುಚಿ ನೋಡಾಕೆ ಐದು ಸಾವಿರನಾ?" ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಗೊತ್ತಿದ್ದರೆ ಯಾವ ಹೋಟೆಲ್ಲಿಗೆ ಹೋಗಬೇಕು, ಯಾವುದಕ್ಕೆ ಹೋಗಬಾರದು ಅನ್ನುವುದೂ ಮುಕ್ಕಾಲು ಪಾಲು ಗೊತ್ತಾಗುತ್ತದೆ.

ಟೇಸ್ಟಿಂಗ್ ಮೆನುವಿನಲ್ಲಿ ಏನು ಬಡಿಸಬೇಕು, ಯಾವುದಾದ ಮೇಲೆ ಯಾವುದು, ಎಷ್ಟೆಷ್ಟು ಎಂಬುದನ್ನೆಲ್ಲ ಶೆಫ್ ಮೊದಲೇ ತೀರ್ಮಾನಿಸಿರುತ್ತಾರೆ. ಐದಾರರಿಂದ ಹಿಡಿದು ಹನ್ನೆರಡು, ಹದಿನೈದರವರೆಗೆ ಕೋರ್ಸ್‌ಗಳು, ಅಂದರೆ ಸರದಿಯಲ್ಲಿ ಬರುವ ಬಗೆಗಳು. ಒಂದೊಂದೂ ಎರಡು ಮೂರು ತುತ್ತು. ಎಲ್ಲಕ್ಕೂ ಸೇರಿ ತಲೆಗೆ ಒಂದೇ ರೇಟು. ಮದುವೆಮನೆ ಪಂಕ್ತಿಯಲ್ಲಿ ಕೂತವರೂ ಮೆನು ಕೇಳುವುದಿಲ್ಲ, ಕೋಸಂಬರಿಯಿಂದ ಮಜ್ಜಿಗೆವರೆಗೆ ಬಡಿಸಿದ್ದನ್ನು ಉಣ್ಣುತ್ತಾರೆ. ಆದರೆ ಅಲ್ಲಿ ಎಲ್ಲವೂ ಎಲೆ ಮೇಲೆ ಕಣ್ಣೆದುರಿಗೇ ಇರುತ್ತದೆ. ಬೇಡವಾದ್ದನ್ನು ಮೂಲೆಗೆ ಸರಿಸಿ, ಬೇಕಾದ್ದನ್ನು ಮೂರು ಸಲ ಹಾಕಿಸಿಕೊಳ್ಳಬಹುದು. ಇಲ್ಲಿ ಎರಡನೇ ವಿಚಾರಣೆ ಇಲ್ಲ. ಒಂದು ತಟ್ಟೆ ಎತ್ತಿದ ಮೇಲೇ ಇನ್ನೊಂದು ತಟ್ಟೆ. ಯುರೋಪಿನಲ್ಲೂ ಮೊದಲು ಔತಣದ ಪದಾರ್ಥಗಳನ್ನೆಲ್ಲ ಮೇಜಿನ ಮೇಲೆ ಒಟ್ಟಿಗೇ ಹರಡುತ್ತಿದ್ದರು. ಒಂದಾದ ಮೇಲೊಂದು ಬಡಿಸುವ ರಷ್ಯನ್ ಪದ್ಧತಿ ಫ್ರಾನ್ಸಿಗೆ ಬಂದು ಬೇರೂರಿದ್ದು 19ನೇ ಶತಮಾನದಲ್ಲಿ. 1970ರ ದಶಕದಲ್ಲಿ ಅಲ್ಲಿನ ಹೊಸ ತಲೆಮಾರಿನ ಶೆಫ್‌ಗಳು ಪ್ರಮಾಣ ಇಳಿಸಿ ಬಗೆಗಳನ್ನು ಹೆಚ್ಚಿಸಿದರು. ಸಣ್ಣ ಸಣ್ಣ ಬಗೆಗಳನ್ನು ಒಂದಾದ ಮೇಲೊಂದು ಬಡಿಸುವ ಜಪಾನಿನ ಕೈಸೆಕಿ ಊಟ ಇದಕ್ಕಿಂತ ಬಹಳ ಹಳೆಯದು, ಅದರ ಪ್ರಭಾವವೂ ಇದರಲ್ಲಿ ಸೇರಿದೆ.

ಮಾಮೂಲಿ ಹೋಟೆಲ್ಲಿಗೂ ಇದಕ್ಕೂ ಇರುವ ನಿಜವಾದ ವ್ಯತ್ಯಾಸ ತಟ್ಟೆಯ ಸೈಜಿನಲ್ಲಿಲ್ಲ. ಮಾಮೂಲಿ ಕಡೆ ಹೋಟೆಲ್ ಆರಿಸಿದ್ದು ತಪ್ಪಾದರೂ ಕೂತ ಮೇಲೆ ಮೊಸರನ್ನವನ್ನೋ ಮಸಾಲೆ ದೋಸೆಯನ್ನೋ ಹೇಳಿ ಬಚಾವಾಗಬಹುದು. ಇಲ್ಲಿ ಕೂತ ಮೇಲೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಹಾಗಾಗಿ ಆರಿಸುವ ಕೆಲಸವೆಲ್ಲ ಬುಕ್ ಮಾಡುವ ಮುಂಚೆಯೇ ಮುಗಿಯಬೇಕು, ಅದೂ ಇನ್‌ಸ್ಟಾಗ್ರಾಂ ಫೋಟೋ ನೋಡಿ ಅಲ್ಲ, ಫೋನ್ ಮಾಡಿ ಮಾತಾಡಿ.

ಎರಡೇ ತುತ್ತು ಯಾಕೆ?

ಜಿಪುಣತನಕ್ಕಲ್ಲ. ಯಾವುದೇ ತಿನಿಸಾದರೂ ಮೊದಲ ತುತ್ತು ಕೊಡುವ ಖುಷಿಯನ್ನು ಹತ್ತನೇ ತುತ್ತು ಕೊಡುವುದಿಲ್ಲ. ಆದರೆ ಒಂದು ರುಚಿ ಸಾಕಾಯಿತು ಅಂದ ನಾಲಿಗೆ ಬೇರೆ ರುಚಿಗೆ ತಯಾರಾಗೇ ಇರುತ್ತದೆ. ಹೊಟ್ಟೆ ಬಿರಿಯ ಉಂಡ ಮೇಲೂ ಹೋಳಿಗೆಗೆ ಜಾಗ ಸಿಗುವುದು ಇದಕ್ಕೇ. 1980ರ ದಶಕದ ಶುರುವಿನಲ್ಲಿ ವಿಜ್ಞಾನಿಗಳಾದ ಬಾರ್ಬರಾ ರೋಲ್ಸ್, ಎಡ್ಮಂಡ್ ರೋಲ್ಸ್ ಮತ್ತವರ ಸಂಗಡಿಗರು ಇದನ್ನು ಪ್ರಯೋಗ ಮಾಡಿ ತೋರಿಸಿದರು: ಜನ ತಿಂದ ಪದಾರ್ಥದ ಮೇಲಷ್ಟೇ ಆಸೆ ಇಳಿಯಿತು, ತಿನ್ನದೇ ಇದ್ದದ್ದರ ಮೇಲೆ ಅಷ್ಟಾಗಿ ಇಳಿಯಲಿಲ್ಲ. ಟೇಸ್ಟಿಂಗ್ ಮೆನು ನಿಂತಿರುವುದೇ ಈ ಗುಣದ ಮೇಲೆ. ನಾಲಿಗೆ ಸಾಕು ಅನ್ನುವ ಮುಂಚೆಯೇ ತಟ್ಟೆ ಎತ್ತಿಬಿಡುತ್ತಾರೆ.

ಕ್ರಮಕ್ಕೂ ಲೆಕ್ಕವಿದೆ. ಹುಳಿ, ತಂಪು, ಗರಿಗರಿ ಮೊದಲು. ಬೆಣ್ಣೆ, ಕೆನೆ, ಹೊಗೆ, ಗಟ್ಟಿ ಮಸಾಲೆ ಆಮೇಲೆ. ಕೊಬ್ಬಿನದನ್ನು ಮೊದಲೇ ತಿಂದುಬಿಟ್ಟರೆ ಹಿಂದೆ ಬರುವ ಸೂಕ್ಷ್ಮ ರುಚಿ ಹತ್ತುವುದೇ ಇಲ್ಲ. ನಡುವೆ ಒಂದು ಚಮಚ ಹುಳಿ ಸಾರ್ಬೆ, ಅಂದರೆ ಹಣ್ಣಿನ ರಸ ಹೆಪ್ಪುಗಟ್ಟಿಸಿದ ಐಸು, ಬರುತ್ತದೆ. ಅದು ಸಿಹಿತಿಂಡಿಯಲ್ಲ, ಬಾಯಿ ತೊಳೆಯಲು ಕೊಡುವುದು. ಒಳ್ಳೆಯ ಅಡುಗೆಮನೆ ಯಾವುದು, ಬರೀ ಡೌಲಿನದು ಯಾವುದು ಎಂದು ಗುರುತಿಸಲು ಈ ಕ್ರಮವೇ ಸಾಕು. ಯಾವುದಾದರೂ ಹೋಟೆಲ್ಲಿನ ಹಳೆಯ ಮೆನುವಿನ ಫೋಟೋ ಸಿಕ್ಕರೆ ಮೇಲಿನಿಂದ ಕೆಳಕ್ಕೆ ಒಮ್ಮೆ ಓದಿ. ಸಾಲಾಗಿ ಮೂರು ಕರಿದದ್ದು, ಎಲ್ಲದರ ಮೇಲೂ ಟ್ರಫಲ್ ಎಂಬ ಅಣಬೆಯ ವಾಸನೆಯ ಎಣ್ಣೆ, ಎಲ್ಲದಕ್ಕೂ ಒಂದೇ ನೊರೆ ಕಂಡರೆ ಅಲ್ಲಿ ಬಗೆಗಳಿವೆ, ಊಟವಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಬೀದಿತಿಂಡಿಗಳನ್ನು ಪುಟ್ಟದಾಗಿ ಮಾಡಿ ಗಾಜಿನ ತಟ್ಟೆಯಲ್ಲಿಡುವ ಚಾಳಿ ಈಗ ಎಲ್ಲ ಕಡೆ ಇದೆ. ನಾಳೆ ಯಾರಾದರೂ ಮಂಡಕ್ಕಿ ಮಿರ್ಚಿಯನ್ನೂ ಹಾಗೆ ತಂದಾರು. ತರಲಿ, ನನ್ನ ತಕರಾರಿಲ್ಲ. ಆದರೆ ಮಂಡಕ್ಕಿ ಮೆತ್ತಗಾಗುವ ಮುಂಚೆ ಬಾಯಿಗೆ ಬರುತ್ತದಾ, ಮಿರ್ಚಿ ಎಣ್ಣೆಯಿಂದ ಎತ್ತಿದ ಬಿಸಿಯಲ್ಲೇ ಸಿಗುತ್ತದಾ ಎಂಬುದನ್ನು ದಾವಣಗೆರೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಿಮಗೆ ಚೆನ್ನಾಗಿ ಗೊತ್ತಿರುವ ತಿನಿಸನ್ನು ಅವರು ಹೇಗೆ ಮುಟ್ಟಿದ್ದಾರೆ ನೋಡಿ, ಗೊತ್ತಿಲ್ಲದ ಹನ್ನೊಂದು ಬಗೆಗಳ ಹಣೆಬರಹ ಅದರಲ್ಲೇ ತಿಳಿಯುತ್ತದೆ.

ಐದು ಸಾವಿರ ಹೋಗುವುದು ಎಲ್ಲಿಗೆ?

ಸೀಟು ಕಡಿಮೆ, ಕೆಲಸದವರು ಜಾಸ್ತಿ. ನಮ್ಮ ಕಡೆಯ ದೋಸೆ ಹೋಟೆಲ್ಲಿನಲ್ಲಿ ಒಂದು ಟೇಬಲ್ಲಿಗೆ ಬೆಳಿಗ್ಗೆಯಿಂದ ಎಷ್ಟು ಜನ ಕೂತೆದ್ದರು ಎಂಬುದರ ಮೇಲೆ ವ್ಯಾಪಾರ ನಡೆಯುತ್ತದೆ. ಟೇಸ್ಟಿಂಗ್ ಮೆನು ಕೊಡುವ ಕಡೆ ಒಂದು ಕುರ್ಚಿಗೆ ರಾತ್ರಿಗೆ ಒಬ್ಬರೇ, ಹೆಚ್ಚೆಂದರೆ ಇಬ್ಬರು. ಆ ಒಬ್ಬರಿಗೆ ಹತ್ತಾರು ತಟ್ಟೆ ತೊಳೆಯಬೇಕು. ಎರಡು ತುತ್ತಿನ ಪದಾರ್ಥಕ್ಕೆ ಎರಡು ದಿನದ ತಯಾರಿ ಇರಬಹುದು.

ಆದರೆ ಇದರಲ್ಲಿ ಹೋಟೆಲ್ಲಿನವರಿಗೂ ಒಂದು ಲಾಭವಿದೆ, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಇವತ್ತು ಹದಿನೆಂಟು ಜನ ಬರುತ್ತಾರೆ, ಎಲ್ಲರೂ ಇದನ್ನೇ ತಿನ್ನುತ್ತಾರೆ ಅಂತ ಬೆಳಿಗ್ಗೆಯೇ ಗೊತ್ತಿದ್ದರೆ ಹದಿನೆಂಟು ತುಂಡು ಮೀನು ತಂದರಾಯಿತು. ಉಳಿಯುವುದಿಲ್ಲ, ಎಸೆಯುವುದಿಲ್ಲ. ಮುಂಗಡ ಕೇಳುವುದೂ, ರದ್ದು ಮಾಡಿದರೆ ದುಡ್ಡು ಹಿಡಿದುಕೊಳ್ಳುವುದೂ ಈ ಕಾರಣಕ್ಕೇ. ಹದಿನೆಂಟರಲ್ಲಿ ನಾಲ್ಕು ಜನ ಕೈಕೊಟ್ಟರೆ ಆ ದಿನದ ಲೆಕ್ಕವೇ ಉಲ್ಟಾ. ಎಷ್ಟು ಗಂಟೆ ಮುಂಚೆ ಹೇಳಿದರೆ ಮುಂಗಡ ವಾಪಸ್ ಎಂದು ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ಇನ್ನು ಬಿಲ್ಲು. ಮೆನುವಿನಲ್ಲಿ 5,000 ಅಂತ ಇದ್ದ ಮಾತ್ರಕ್ಕೆ ಕೊಡುವುದು 5,000 ಅಲ್ಲ. ಬಿಡಿ ರೆಸ್ಟೊರೆಂಟ್ ಆದರೆ ಜಿಎಸ್‌ಟಿ ಶೇ 5. ರೂಮಿನ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟುವ ದೊಡ್ಡ ಹೋಟೆಲ್ಲಿನ ಒಳಗಿನ ರೆಸ್ಟೊರೆಂಟ್ ಆದರೆ ಶೇ 18. ಅದೇ 5,000ದ ಊಟ ಒಂದು ಕಡೆ 5,250, ಇನ್ನೊಂದು ಕಡೆ 5,900. ಮೇಲೆ ಶೇ 10 ಸರ್ವಿಸ್ ಚಾರ್ಜ್ ಸೇರಿಸಿದರೆ ಅದರ ಮೇಲೂ ತೆರಿಗೆ ಬಿದ್ದು 5,775 ಮತ್ತು 6,490. ಗಂಡ ಹೆಂಡತಿ ಇಬ್ಬರಿಗೆ ದೊಡ್ಡ ಹೋಟೆಲ್ಲಿನಲ್ಲಿ 12,980 ಆಯಿತು, ಇನ್ನೂ ಕುಡಿಯಲು ಏನೂ ತಗೊಂಡಿಲ್ಲ. ಮದ್ಯಕ್ಕೆ ಜಿಎಸ್‌ಟಿ ಇಲ್ಲ, ರಾಜ್ಯದ ತೆರಿಗೆ ಬೇರೆ. ಕೂತ ಕೂಡಲೇ "ಸ್ಟಿಲ್ ಆರ್ ಸ್ಪಾರ್ಕ್ಲಿಂಗ್?" (ಸಾದಾ ನೀರೋ, ಸೋಡಾದಂಥದ್ದೋ) ಅಂತ ಕೇಳಿದರೆ ಅದು ಬಾಟಲಿ ನೀರಿನ ವ್ಯಾಪಾರ. ಹೋಟೆಲ್ಲಿನವರು ಬಾಟಲಿ ನೀರನ್ನು ಎಂಆರ್‌ಪಿಗಿಂತ ಹೆಚ್ಚಿಗೆ ಮಾರಬಹುದು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲೇ ಹೇಳಿದೆ. "ಮಾಮೂಲಿ ಫಿಲ್ಟರ್ ನೀರು ಕೊಡಿ" ಎನ್ನಲು ಸಂಕೋಚ ಬೇಡ.

ವೈನ್ ಪೇರಿಂಗ್ ಅಂತ ಇನ್ನೊಂದಿದೆ, ಕೋರ್ಸಿಗೆ ತಕ್ಕ ಹಾಗೆ ಒಂದೊಂದು ಸಣ್ಣ ಗ್ಲಾಸು. ಊಟದ ಅರ್ಧಕ್ಕಿಂತ ಹೆಚ್ಚು ದುಡ್ಡು ಅದಕ್ಕೇ ಆಗಬಹುದು. ಕುಡಿಯದವರಿಗೆ ಹುಳಿಸಿದ ಚಹಾದ ಕೊಂಬುಚಾ, ಕ್ಯಾರೆಟ್ ಹುಳಿಸಿ ಮಾಡುವ ಉತ್ತರ ಭಾರತದ ಕಾಂಜಿ, ವಿನೆಗರ್ ಬೆರೆಸಿದ ಹಣ್ಣಿನ ಶ್ರಬ್‌ಗಳ ಪೇರಿಂಗ್ ಕೆಲವು ಕಡೆ ಕೊಡುತ್ತಾರೆ. ಅದು ಚೆನ್ನಾಗಿರುವ ಕಡೆ ಊಟವೂ ಚೆನ್ನಾಗಿರುತ್ತದೆ ಎಂಬುದು ನನ್ನ ಅಂದಾಜು. ಕುಡಿಯದವರ ಬಗ್ಗೆಯೂ ಯೋಚನೆ ಮಾಡಿದ್ದಾರೆ ಅಂತ ತಾನೇ ಅರ್ಥ.

ವೆಜ್ ಇದೆ ಅಂದರೆ ಸಾಲದು

ನಮ್ಮ ಕಡೆಯ ಬಹುಪಾಲು ಮನೆಗಳಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ. ತೆಗೆದುಕೊಂಡ ಬುಕಿಂಗ್ ಕೆಟ್ಟುಹೋಗುವುದೂ ಹೆಚ್ಚಾಗಿ ಇಲ್ಲೇ. ಫೋನ್ ಮಾಡಿ "ವೆಜ್ ಇದೆಯಾ?" ಎಂದರೆ ಎಲ್ಲರೂ ಇದೆ ಅಂತಲೇ ಅನ್ನುತ್ತಾರೆ. ಪ್ರಶ್ನೆ ಬೇರೆ ಥರ ಇರಬೇಕು.

"ವೆಜ್‌ಗೆ ಬೇರೆ ಮೆನುನೇ ಇದೆಯಾ ಸಾರ್, ಇಲ್ಲ ನಾನ್‌ವೆಜ್ ತೆಗೆದು ಅದೇ ಕೊಡ್ತೀರಾ?"

"ಅಡ್ಜಸ್ಟ್ ಮಾಡ್ತೀವಿ ಮೇಡಂ, ಚಿಕನ್ ಬದಲು ಪನೀರ್ ಹಾಕ್ತೀವಿ."

ಇಲ್ಲಿಗೆ ಧನ್ಯವಾದ ಹೇಳಿ ಫೋನ್ ಇಡಬಹುದು. ಮೀನಿಗೆಂದು ಕಟ್ಟಿದ ಹುಳಿಯ ಕೆಳಗೆ ಪನೀರ್ ತುಂಡು ಇಟ್ಟರೆ ಅದು ಆ ಕೋರ್ಸ್ ಅಲ್ಲವೇ ಅಲ್ಲ, ದುಡ್ಡು ಮಾತ್ರ ಅಷ್ಟೇ. ಇನ್ನೊಂದು ಕಡೆ, "ವೆಜ್ ಮೆನು ಪೂರ್ತಿ ಬೇರೆ ಮೇಡಂ, ಒಂಬತ್ತು ಕೋರ್ಸು, ಮೂರು ಮಾತ್ರ ಎರಡಕ್ಕೂ ಕಾಮನ್. ಈರುಳ್ಳಿ ಬೆಳ್ಳುಳ್ಳಿ ತಿಂತೀರಾ? ಮೊಟ್ಟೆ?" ಎಂದು ಅವರೇ ತಿರುಗಿ ಕೇಳಿದರೆ, ಆ ಅಡುಗೆಮನೆ ಈ ಕೆಲಸ ದಿನಾ ಮಾಡುತ್ತದೆ ಎಂದು ಅರ್ಥ.

ಅದಾದ ಮೇಲೂ ಕೇಳಬೇಕಾದ್ದಿದೆ. ತರಕಾರಿಯಾಗಿ ಕಾಣುವ ಬಟ್ಟಲಿನಲ್ಲಿ ಮೀನು ಇರಬಹುದು. ಜಪಾನಿ ಅಡುಗೆಯ ದಾಶಿ ಎಂಬ ತಿಳಿಸಾರಿಗೆ ಸಾಮಾನ್ಯವಾಗಿ ಒಣಗಿಸಿದ ಬೊನಿಟೋ ಮೀನಿನ ಚೂರು ಹಾಕುತ್ತಾರೆ. ಥಾಯ್ ಅಡುಗೆಗೆ ಮೀನಿನ ಸಾಸ್ ಉಪ್ಪಿನ ಬದಲಿಗೆ ಬೀಳುತ್ತದೆ. ವೂಸ್ಟರ್‌ಶೈರ್ ಸಾಸ್‌ನ ಮೂಲ ಪಾಕದಲ್ಲಿ ಆಂಚೊವಿ ಮೀನಿದೆ. ಪನ್ನಾ ಕೋಟಾ ಎಂಬ ಕೆನೆಯ ಸಿಹಿ, ಮಾರ್ಷ್‌ಮೆಲೋಗಳನ್ನು ಗಟ್ಟಿ ಮಾಡುವ ಜೆಲಟಿನ್ ಬರುವುದು ಪ್ರಾಣಿಯ ಚರ್ಮ, ಮೂಳೆಯಿಂದ. ಅದರ ಬದಲು ಸಮುದ್ರದ ಪಾಚಿಯಿಂದ ತೆಗೆದ ಅಗರ್ ಅಗರ್ ಬಳಸುವವರೂ ಇದ್ದಾರೆ. ಇಟಲಿಯ ಅಸಲಿ ಪಾರ್ಮಿಜಾನೋ ಚೀಸಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟಿನಿಂದ. ಹಾಲಿನದಲ್ಲವೇ ಎಂದು ಸುಮ್ಮನಿರುವವರು ಇದನ್ನು ತಿಳಿದಿರಬೇಕು. "ಸ್ಟಾಕ್ (ಅಡುಗೆಗೆ ಹಾಕುವ ಬೇಯಿಸಿ ಬಸಿದ ತಿಳಿಸಾರು) ಯಾವುದರದು, ಜೆಲಟಿನ್ ಇದೆಯಾ, ಚೀಸ್ ಯಾವುದು" ಎಂಬ ಮೂರು ಪ್ರಶ್ನೆಗೆ ಫೋನ್ ಎತ್ತಿದವರಿಗೆ ಉತ್ತರ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, "ಶೆಫ್ ಕೇಳಿ ಹೇಳ್ತೀನಿ" ಎಂದು ವಾಪಸ್ ಫೋನ್ ಮಾಡಿದರೆ ಸಾಕು.

ಶೇಂಗಾ, ಗೋಡಂಬಿ, ಸಿಗಡಿ ಒಗ್ಗದವರು, ಮನೆಯಲ್ಲಿ ಬಸುರಿ ಇದ್ದರೆ, ಖಾರ ತಡೆಯದ ಹಿರಿಯರಿದ್ದರೆ ಅದನ್ನೂ ಬುಕಿಂಗ್‌ನಲ್ಲೇ ಬರೆಸಿ. ಕೂತ ಮೇಲೆ ಹೇಳಿದರೆ ಅವರು ಆ ಬಗೆಯನ್ನು ಬಿಡಬಲ್ಲರು, ಬದಲಿ ಮಾಡಲಾರರು.

ಯಾವ ಊರಲ್ಲಿ ಏನಿದೆ

ಬೆಂಗಳೂರಿನಲ್ಲಿ ಈ ಬಗೆಗೆ ಹೆಸರು ಮಾಡಿರುವುದು ಫಾರ್ಮ್‌ಲೋರ್ ಎಂಬ ರೆಸ್ಟೊರೆಂಟ್. ಬಾಗಲೂರು ಕಡೆಯ ಸಾತನೂರಿನ ಹತ್ತಿರ 37 ಎಕರೆ ತೋಟದ ನಡುವೆ ಇದೆ. ತೋಟದಲ್ಲಿ ಬೆಳೆದದ್ದು, ಸುತ್ತಮುತ್ತ ಸಿಕ್ಕಿದ್ದು, ಸೌದೆ ಒಲೆಯ ಅಡುಗೆ. ದಾವಣಗೆರೆಯಿಂದ ಕಾರಿನಲ್ಲಿ ಹೋಗುವವರು ನೆಲಮಂಗಲದಲ್ಲೇ ಯಲಹಂಕದ ಕಡೆ ತಿರುಗಿದರೆ ಊರೊಳಗಿನ ಟ್ರಾಫಿಕ್ಕಿನ ಗೋಳಿಲ್ಲ. ಚೆನ್ನೈನ ಐಟಿಸಿ ಗ್ರ್ಯಾಂಡ್ ಚೋಳದಲ್ಲಿ 2017ರಲ್ಲಿ ಶುರುವಾದ ಆವರ್ತನ ರೆಸ್ಟೊರೆಂಟ್ ಪೂರ್ತಿ ದಕ್ಷಿಣ ಭಾರತದ ರುಚಿಗಳ ಮೇಲೆ ಕಟ್ಟಿದ್ದು. ಏಳರಿಂದ ಹದಿಮೂರು ಕೋರ್ಸಿನವರೆಗೆ ಬೇರೆ ಬೇರೆ ಮೆನುಗಳಿವೆ, ವೆಜ್‌ಗೆ ಬೇರೆಯೇ ಉಂಟು. ಅಲ್ಲಿನ ಟೊಮೆಟೊ ರಸಂ ನೋಡಲು ಬರೀ ನೀರಿನ ಹಾಗೆ ತಿಳಿ. ಬೇಳೆ ಇಲ್ಲ, ಬಣ್ಣ ಇಲ್ಲ, ಬಾಯಿಗಿಟ್ಟರೆ ಮಾತ್ರ ಸಾರೇ. ಮೊದಲ ಸಲ ಹೋಗುವ ನಮ್ಮಂಥವರಿಗೆ ನಾನು ಇಂಥದ್ದನ್ನೇ ಹೇಳುವುದು. ಮೂಲ ರುಚಿ ಗೊತ್ತಿರುವುದರಿಂದ ಶೆಫ್ ಏನು ಮಾಡಿದ್ದಾರೆ, ಎಲ್ಲಿ ಜಾಣತನ, ಎಲ್ಲಿ ಬರೀ ಆಟ ಎಂದು ನಮಗೇ ಕಾಣುತ್ತದೆ.

ಮುಂಬೈನ ಮಾಸ್ಕ್ (Masque) ರೆಸ್ಟೊರೆಂಟ್ 2016ರಿಂದ ಮಹಾಲಕ್ಷ್ಮಿಯ ಹಳೇ ಉಣ್ಣೆ ಮಿಲ್ಲಿನ ಆವರಣದಲ್ಲಿದೆ. ಬಟ್ಟೆ ಮಿಲ್ಲುಗಳು ಮುಚ್ಚಿದ್ದನ್ನು ಕಂಡ ನಮ್ಮ ಊರಿನವರು ಆ ಗೋಡೆಗಳನ್ನು ನೋಡಿದರೆ ಏನೇನೋ ನೆನಪಾದೀತು. ದೆಹಲಿಯ ಇಂಡಿಯನ್ ಆಕ್ಸೆಂಟ್ 2009ರದು, ಅಲ್ಲಿ ಟೇಸ್ಟಿಂಗ್ ಮೆನುವೂ ಇದೆ, ಬೇಕಾದ್ದನ್ನು ಬಿಡಿಯಾಗಿ ಹೇಳುವ ಅನುಕೂಲವೂ ಇದೆ. ಧೈರ್ಯ ಸಾಲದವರಿಗೆ ಇಂಥ ಎರಡೂ ಇರುವ ಜಾಗ ಒಳ್ಳೆಯದು. ಜಪಾನಿ ಒಮಕಾಸೆಯಲ್ಲಿ ಕೌಂಟರ್ ಎದುರೇ ಕೂತು, ಶೆಫ್ ಕೈಯಿಂದ ಒಂದೊಂದೇ ಸುಶಿ (ಹುಳಿ ಅನ್ನದ ಮೇಲೆ ಮೀನಿಟ್ಟ ತುತ್ತು) ತಿನ್ನುವುದು. ಮೀನು ತಿನ್ನದವರು ಆ ಕಡೆ ಹೋಗದಿದ್ದರೇ ಕ್ಷೇಮ.

"ಮಿಶೆಲಿನ್ ಸ್ಟಾರ್ ಇರೋ ಹೋಟೆಲ್" ಅಂತ ಯಾರಾದರೂ ಬೆಂಗಳೂರಿನ ಹೆಸರು ಹೇಳಿದರೆ ನಂಬಬೇಡಿ. ಟೈರ್ ಕಂಪನಿಯೊಂದು 1900ರಲ್ಲಿ ಕಾರು ಓಡಿಸುವವರಿಗೆಂದು ಶುರು ಮಾಡಿದ ಕೈಪಿಡಿ ಅದು. 1926ರಿಂದ ಒಳ್ಳೆಯ ಊಟದ ಹೋಟೆಲ್ಲುಗಳಿಗೆ ನಕ್ಷತ್ರ ಕೊಡುತ್ತಿದೆ. ಭಾರತದ ಯಾವ ಊರಿಗೂ ಅದು ಬಂದಿಲ್ಲ. ಭಾರತೀಯ ಅಡುಗೆಗೆ ನಕ್ಷತ್ರ ಸಿಕ್ಕಿರುವುದೆಲ್ಲ ಹೊರದೇಶದಲ್ಲಿ. ದುಬೈನ ಟ್ರೆಸಿಂಡ್ ಸ್ಟುಡಿಯೊಗೆ 2025ರಲ್ಲಿ ಮೂರು ನಕ್ಷತ್ರ ಬಂತು, ಭಾರತೀಯ ರೆಸ್ಟೊರೆಂಟ್ ಒಂದಕ್ಕೆ ಮೂರು ಬಂದದ್ದು ಅದೇ ಮೊದಲು. ಇಲ್ಲಿ "ಮಿಶೆಲಿನ್ ಶೆಫ್" ಎಂದು ಜಾಹೀರಾತು ಕಂಡರೆ, ಆ ಶೆಫ್ ಎಂದೋ ಎಲ್ಲೋ ಅಂಥ ಅಡುಗೆಮನೆಯಲ್ಲಿ ಕೆಲಸ ಮಾಡಿದ್ದರು ಎಂದಷ್ಟೇ ತಿಳಿಯಿರಿ. ಏಷ್ಯಾದ 50 ಅತ್ಯುತ್ತಮ ರೆಸ್ಟೊರೆಂಟ್‌ಗಳನ್ನು ಹೆಸರಿಸುವ, 2013ರಿಂದ ಬರುತ್ತಿರುವ ಏಷ್ಯಾಸ್ 50 ಬೆಸ್ಟ್ ಪಟ್ಟಿಯಲ್ಲಿ ನಮ್ಮ ದೇಶದ ಹೋಟೆಲ್ಲುಗಳಿವೆ. ಅದು ಆಯಾ ವರ್ಷದ ಮತದಾನ. ಪಟ್ಟಿಗಿಂತ ಮುಖ್ಯ, ಆ ಹೆಸರು ತಂದುಕೊಟ್ಟ ಶೆಫ್ ಈಗಲೂ ಅಲ್ಲೇ ಇದ್ದಾರಾ ಎನ್ನುವುದು. ಮಾಮೂಲಿ ಹೋಟೆಲ್ಲಿನಲ್ಲಿ ಭಟ್ಟರು ಬಿಟ್ಟುಹೋದರೂ ಪಾಕ ಉಳಿದೀತು. ಇಲ್ಲಿ ಊಟವೇ ಒಬ್ಬರ ತಲೆಯೊಳಗಿನದು, ಅವರು ಹೋದರೆ ಹೋಯಿತು.

ಜನರ ರಿವ್ಯೂಗಳಲ್ಲಿ ಐದು ಸ್ಟಾರಿನವನ್ನೂ ಒಂದು ಸ್ಟಾರಿನವನ್ನೂ ಬಿಟ್ಟು ಮೂರು ಸ್ಟಾರಿನವನ್ನು ಓದಿ. "ಚೆನ್ನಾಗಿತ್ತು, ಆದರೆ ಮನೆಗೆ ಬಂದು ಮ್ಯಾಗಿ ಮಾಡಿಕೊಂಡೆವು" ಎನ್ನುವ ಮಾತು ಮತ್ತೆ ಮತ್ತೆ ಕಂಡರೆ ಹೊಟ್ಟೆ ತುಂಬದ ಜಾಗ. ಭಾರತೀಯ ಮೆನುಗಳಲ್ಲಿ ಕೊನೆಗೆ ಒಂದು ಅನ್ನದ್ದೋ ರೊಟ್ಟಿಯದ್ದೋ ಕೋರ್ಸ್ ಇರುವುದುಂಟು. ಅನ್ನ ಇಲ್ಲದೆ ಊಟ ಆಗಲಿಲ್ಲ ಎನ್ನುವವರು ಮನೆಯಲ್ಲಿದ್ದರೆ ಇದೂ ಫೋನಿನಲ್ಲೇ ಕೇಳುವ ಪ್ರಶ್ನೆ.

ಹೊರಡುವ ಮುಂಚೆ

ಎರಡೂವರೆ ಗಂಟೆಯಿಂದ ಮೂರೂವರೆ ಗಂಟೆ ಬೇಕು. ನಡುವೆ ಎದ್ದು ಹೋದರೆ ಇಡೀ ಟೇಬಲ್ಲಿನ ಕೋರ್ಸು ನಿಲ್ಲುತ್ತದೆ. ಮಂಡಿನೋವಿನ ಹಿರಿಯರಿದ್ದರೆ ಎತ್ತರದ ಕೌಂಟರ್ ಸ್ಟೂಲ್ ಕೊಡುತ್ತಾರಾ, ಬೆನ್ನಿಗೆ ಆಸರೆ ಇರುವ ಕುರ್ಚಿಯಾ ಎಂದು ವಿಚಾರಿಸಿ. ಚಿಕ್ಕ ಮಕ್ಕಳನ್ನು ಕೆಲವು ಕಡೆ ಬಿಡುವುದೇ ಇಲ್ಲ, ಬಿಟ್ಟರೂ ಆ ಮಗುವಿಗೆ ಮೂರು ಗಂಟೆ ಶಿಕ್ಷೆ. ಧಾರವಾಡದಿಂದ ಬರುವ ವಂದೇ ಭಾರತ್ ಹಿಡಿದರೆ ಬೆಂಗಳೂರು ಮುಟ್ಟುವಾಗ ಸಂಜೆ ಏಳು ದಾಟಿರುತ್ತದೆ, ಎಂಟು ಗಂಟೆಯ ಸೀಟಿಗೆ ಬ್ಯಾಗ್ ಹಿಡಿದು ಓಡಬೇಕಾಗುತ್ತದೆ. ಮಧ್ಯಾಹ್ನದ ಊಟ ಕೊಡುವ ಕಡೆ ಅದನ್ನೇ ಬುಕ್ ಮಾಡುವುದು ನಮ್ಮ ಊರಿನವರಿಗೆ ವಾಸಿ. ಕೆಲವು ಕಡೆ ಕೋರ್ಸೂ ಕಡಿಮೆ, ರೇಟೂ ಕಡಿಮೆ, ರಾತ್ರಿ ರೈಲಿಗೆ ವಾಪಸ್ ಬರಲೂ ಆಗುತ್ತದೆ. ಮೊದಲ ಸಲಕ್ಕೆ ಹದಿಮೂರರ ಗೊಡವೆ ಬೇಡ, ಏಳು ಸಾಕು.

ಬಟ್ಟೆ ವಿಷಯ. "ಸ್ಮಾರ್ಟ್ ಕ್ಯಾಶುಯಲ್" ಎಂದರೆ ಚಡ್ಡಿ, ಹವಾಯಿ ಚಪ್ಪಲಿ ಬೇಡ ಎಂದಷ್ಟೇ. ಅಪ್ಪಾಜಿ ಪಂಚೆ ಬಿಟ್ಟು ಬೇರೆ ಉಡುವುದಿಲ್ಲ ಅಂದರೆ? 2024ರ ಜುಲೈನಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಪಂಚೆ ಉಟ್ಟಿದ್ದ ಹಾವೇರಿ ಕಡೆಯ ರೈತರೊಬ್ಬರನ್ನು ಒಳಗೆ ಬಿಡದೆ, ಅದು ವಿಧಾನಸಭೆಯವರೆಗೂ ಹೋಗಿ, ಮಾಲ್‌ಗೆ ಏಳು ದಿನ ಬೀಗ ಬಿದ್ದದ್ದು ಎಲ್ಲರಿಗೂ ನೆನಪಿದೆ. ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಅಂಗಿಯನ್ನು ಬೇಡ ಎನ್ನುವ ಹೋಟೆಲ್ ಇದ್ದರೆ ಅಲ್ಲಿ ಹೋಗಿ ಉಣ್ಣುವ ದರ್ದು ನಮಗೇನು? ಆದರೂ ಒಂದು ಮಾತು ಮೊದಲೇ ಕೇಳಿಬಿಟ್ಟರೆ ಬಾಗಿಲಲ್ಲಿ ಮುಜುಗರವಿಲ್ಲ.

ಟೇಬಲ್ಲಿನಲ್ಲಿ ಯಾವುದಾದರೂ ಕೋರ್ಸ್ ಬಾಯಿಗೆ ಹತ್ತದಿದ್ದರೆ ಪೂರ್ತಿ ತಿನ್ನಲೇಬೇಕೆಂದಿಲ್ಲ. ತಟ್ಟೆ ಎತ್ತಲು ಬಂದವರಿಗೆ ಹಾಗೆಂದು ಹೇಳಿ. ಒಳ್ಳೆಯ ಕಡೆ ಅದು ಶೆಫ್ ಕಿವಿಗೆ ಹೋಗುತ್ತದೆ, ಕೆಲವೊಮ್ಮೆ ಬದಲಿಗೆ ಸಣ್ಣದೊಂದು ಬರುವುದೂ ಉಂಟು. ಬಿಲ್ಲು ಬಂದಾಗ ಸರ್ವಿಸ್ ಚಾರ್ಜಿನ ಸಾಲು ನೋಡಿ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತ್ತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಬಡಿಸಿದವರ ಕೆಲಸ ಮೆಚ್ಚಿಗೆಯಾಗಿದ್ದರೆ ಅವರ ಕೈಗೇ ಕೊಡಿ. ಸರ್ವಿಸ್ ಚಾರ್ಜ್ ಬೇಡವೆನಿಸಿದರೆ ತೆಗೆಯಿರಿ ಎನ್ನಿ. ತೆಗೆಯುವುದಿಲ್ಲ ಎಂದು ಪಟ್ಟು ಹಿಡಿದರೆ ಗ್ರಾಹಕರ ಸಹಾಯವಾಣಿ 1915.